ಮೌಸ್ ಮುಟ್ಟದೆ ನೋಡಿದ ಪುಟಗಳು

ನಿವೃತ್ತಿಯ ದಿನ ಮೇಜು ಖಾಲಿ ಮಾಡುವಾಗ ಕೆಳಗಿನ ಡ್ರಾಯರಿನಲ್ಲಿ ಏಳು ಮೌಸ್ ಸಿಕ್ಕವು. ಏಳೂ ಕಂಪನಿಯವೇ. ಪಟ್ಟಿ ಹಿಡಿದು ಬಂದಿದ್ದ ಅಡ್ಮಿನ್ ವಿಭಾಗದ ನೌಕರ, ನನ್ನ ಹೆಸರಿನ ಮುಂದೆ ಒಂದೇ ಮೌಸ್ ಇದ್ದದ್ದನ್ನು ಕಂಡು, "ಇದೇನ್ ಸಾರ್, ಡ್ರಾಯರಲ್ಲಿ ಮರಿ ಹಾಕ್ಬಿಟ್ಟಿದೆ?" ಎಂದ.

ಅದರ ಕಾರಣ ಸರಳ. ಪ್ರತಿ ಸೋಮವಾರ ಬೆಳಿಗ್ಗೆ ನಾನು ಮೌಸ್ ಕಿತ್ತು ಡ್ರಾಯರಿಗೆ ಹಾಕಿ, ಮಧ್ಯಾಹ್ನದ ಊಟದವರೆಗೆ, ಮೌಸ್ ಬಳಸಲಾರದವರ ಹಾಗೆ, ಕೀಲಿಮಣೆಯಿಂದಲೇ ಕೆಲಸ ಮಾಡುತ್ತಿದ್ದೆ. ಆ ಹೊತ್ತಿನಲ್ಲಿ ನಾನು ಕಾಫಿಗೆ ಎದ್ದುಹೋದರೆ, ಆ ದಾರಿಯಲ್ಲಿ ಬಂದ ಅಡ್ಮಿನ್‌ನವರು ಮೌಸ್ ಕಳೆದಿದೆ ಎಂದುಕೊಂಡು ಹೊಸದೊಂದನ್ನು ಇಟ್ಟು ಹೋಗುತ್ತಿದ್ದರು. ಅದೂ ಡ್ರಾಯರಿಗೆ ಸೇರುತ್ತಿತ್ತು.

ನನ್ನ ಕೆಲಸಕ್ಕೆ ಕಂಪನಿಯಲ್ಲಿ ಆಕ್ಸೆಸಿಬಿಲಿಟಿ ಟೆಸ್ಟಿಂಗ್ ಎನ್ನುತ್ತಿದ್ದರು. ಕಣ್ಣು ಕಾಣದವರು, ಕಿವಿ ಕೇಳದವರು, ಬಣ್ಣ ಗುರುತಿಸಲಾಗದವರು, ಕೈ ನಡುಗುವವರು ಒಂದು ವೆಬ್ ಪುಟವನ್ನು ಇನ್ನೊಬ್ಬರ ನೆರವಿಲ್ಲದೆ ಬಳಸಬಲ್ಲರೇ ಎಂದು ನೋಡುವುದು. ಆಗದಿದ್ದರೆ ಎಲ್ಲಿ ಆಗುವುದಿಲ್ಲ ಎಂದು ಬರೆದು ಕೊಡುವುದು. ಈಗ ಈ ಕೆಲಸಕ್ಕೆ ಎಳೆಯರು ಬರುತ್ತಿದ್ದಾರೆ. ಅವರಲ್ಲಿ ಕೆಲವರು ನನ್ನನ್ನು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಇದು ಹೆಚ್ಚಾಗಿ ಒಂದೇ ಪುಟದ ಕಥೆ. ಆ ಪುಟ ಸರಿಯಿದೆ ಎಂದು ನಾನು ಸಹಿ ಹಾಕಿದ್ದೆ. ಅದು ಸರಿ ಇರಲಿಲ್ಲ. ಅದರಿಂದ ಒಬ್ಬ ಸಹೋದ್ಯೋಗಿಯ ಕೆಲಸ ಹೋಗುವುದರಲ್ಲಿತ್ತು. ಅಲ್ಲಿಗೆ ಬರುವ ಮೊದಲು ಹಿಂದಿನ ಒಂದೆರಡು ಸಂಗತಿಗಳನ್ನು ಹೇಳಬೇಕು.

ನಾನು ಮೂಲತಃ ಕಂಪ್ಯೂಟರಿನವನಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ಉಪಸಂಪಾದಕನಾಗಿದ್ದೆ. ಪತ್ರಿಕೆಯ ನಮ್ಮ ಆವೃತ್ತಿ ಮುಚ್ಚಿದಾಗ, ಮಹದೇವಪುರದ ಒಂದು ಕಂಪನಿಗೆ ಕನ್ನಡ ವೆಬ್ ಪುಟಗಳನ್ನು ತಿದ್ದುವವರು ಬೇಕಾಗಿದ್ದಾರೆ ಎಂದು ಗೆಳೆಯರೊಬ್ಬರು ಹೇಳಿದರು. ಹೋದೆ. ಎರಡು ವರ್ಷ ಕಾಗುಣಿತ ತಿದ್ದಿದೆ. ಆಮೇಲೆ ಹೊಸ ತಂಡಕ್ಕೆ ಹಾಕಿದರು. ತಂಡದ ಮುಖ್ಯಸ್ಥ ಶ್ರೀಧರ್ ನನಗಿಂತ ಹದಿನೈದು ವರ್ಷ ಚಿಕ್ಕವರು. ಆದರೂ ಕೊನೆಯವರೆಗೂ ನನ್ನನ್ನು "ಮೂರ್ತಿ ಸಾರ್" ಎಂದೇ ಕರೆದರು.

ಮೊದಲ ಪಾಠ ಸಿಕ್ಕಿದ್ದು ಪೀಣ್ಯದಲ್ಲಿ. ಸಣ್ಣ ಕಾರ್ಖಾನೆಗಳಿಗೆ ಬೇಕಾಗುವ ಬೇರಿಂಗ್, ಬೋಲ್ಟುಗಳನ್ನು ತರಿಸಿಕೊಳ್ಳಲು ಒಬ್ಬ ಗ್ರಾಹಕರು ವೆಬ್ ಪುಟ ಮಾಡಿಸಿದ್ದರು. ಅದನ್ನು ಬಳಸುವವರನ್ನು ಕಣ್ಣಾರೆ ನೋಡಿ ಬರಬೇಕೆಂದು ಹಠ ಹಿಡಿದವನು ನಾನೇ. ವರದಿಗಾರನನ್ನು ಸ್ಥಳಕ್ಕೆ ಕಳಿಸದೆ ಸುದ್ದಿ ಬರೆಸುವ ಅಭ್ಯಾಸ ನಮ್ಮ ಪತ್ರಿಕೆಯಲ್ಲಿ ಇರಲಿಲ್ಲ. ಮೆಟ್ರೋದಿಂದ ಇಳಿದು, ಲೇತ್ ಯಂತ್ರಗಳ ಸದ್ದಿನ ನಡುವೆ ಮೂರು ರಸ್ತೆ ದಾಟಿ ಒಂದು ಘಟಕಕ್ಕೆ ಹೋದೆ. ಅಲ್ಲಿನ ಸ್ಟೋರ್ ನೋಡಿಕೊಳ್ಳುವವರು ರುದ್ರಪ್ಪ. ಐವತ್ತು ದಾಟಿದವರು. ಪುಟದಲ್ಲಿ ಪ್ರತಿ ವಸ್ತುವಿನ ಮುಂದೆ ಒಂದು ಚುಕ್ಕೆ ಇತ್ತು. ಹಸಿರಿದ್ದರೆ ಮಾಲು ಇದೆ, ಕೆಂಪಿದ್ದರೆ ಇಲ್ಲ. ರುದ್ರಪ್ಪ ಆ ವಾರ ಮೂರು ಸಲ ಇಲ್ಲದ ಮಾಲಿಗೆ ಆರ್ಡರ್ ಹಾಕಿದ್ದರು. ಯಂತ್ರವೊಂದು ನಿಂತಿತ್ತು. ನಾನು ಅಲ್ಲಿರುವಾಗಲೇ ಮಾಲೀಕರು ಬಂದು, "ಕಣ್ಣಿಲ್ವೇನ್ರೀ ರುದ್ರಪ್ಪ? ಕೆಂಪಗೆ ಕಾಣಿಸ್ತಿಲ್ವಾ?" ಎಂದು ಎಲ್ಲರ ಮುಂದೆ ಕೇಳಿ ಹೋದರು.

ಅವರು ಹೋದ ಮೇಲೆ ರುದ್ರಪ್ಪ ಪಕ್ಕದ ಲೇತಿನವನನ್ನು ಕರೆದು, "ಒಸಿ ಇದನ್ನ ನೋಡು ಮಗಾ" ಎಂದರು. ಅವನು ನೋಡಿ ಹೇಳಿದ ಮೇಲೆಯೇ ಮುಂದಿನ ಆರ್ಡರ್ ಹಾಕಿದರು. ನಾನು ಅದನ್ನು ಗಮನಿಸಿದ್ದನ್ನು ಅವರು ಗಮನಿಸಿದರು. ಹೊರಗೆ ಟೀ ಅಂಗಡಿಯ ಮುಂದೆ ನಿಂತಾಗ ತಾವಾಗಿಯೇ ಹೇಳಿದರು.

"ಸಿಗ್ನಲ್ಲಲ್ಲಿ ಮೇಲಿನದು ಹತ್ತಿದ್ಯೋ ಕೆಳಗಿಂದೋ ನೋಡ್ಕೊಂಡು ಗಾಡಿ ಓಡಿಸ್ತೀನಿ ಸಾರ್. ಮೊದ್ಲು ಈ ಪುಟದಲ್ಲೂ ಅಂಗೇ ಇತ್ತು. ಇರೋದೆಲ್ಲ ಮೇಲೆ, ಇಲ್ದಿರೋದೆಲ್ಲ ಕೆಳಗೆ. ಈಗ ಅಕ್ಷರದ ಪ್ರಕಾರ ಜೋಡಿಸ್ಬಿಟ್ಟವ್ರೆ. ನಂಗೆ ಎಲ್ಲ ಚುಕ್ಕೇನೂ ಒಂದೇ."

"ಮಾಲೀಕರಿಗೆ ಹೇಳಿಲ್ವಾ?"

"ಇಷ್ಟು ವರ್ಷ ಆದ್ಮೇಲೆ ಏನಂತ ಹೇಳ್ಲಿ? ನೀವೂ ಬರೀಬೇಡಿ ಸಾರ್."

ಬರೆಯಲಿಲ್ಲ. ವರದಿಯಲ್ಲಿ, "ಮಾಹಿತಿಯನ್ನು ಬಣ್ಣವೊಂದರಿಂದಲೇ ತಿಳಿಸಲಾಗಿದೆ. ಚುಕ್ಕೆಯ ಪಕ್ಕದಲ್ಲಿ 'ಇದೆ' ಅಥವಾ 'ಇಲ್ಲ' ಎಂಬ ಪದ ಇರಬೇಕು" ಎಂದಷ್ಟೇ ಇತ್ತು. ಯಾರ ಹೆಸರೂ ಇರಲಿಲ್ಲ. ಹತ್ತು ದಿನದಲ್ಲಿ ಆ ಪದಗಳು ಬಂದವು. ಸುದ್ದಿಮೂಲವನ್ನು ಕಾಪಾಡುವುದು ಪತ್ರಿಕೆಯಲ್ಲಿ ಕಲಿತ ವಿದ್ಯೆ. ಅದು ಇಲ್ಲೂ ಕೆಲಸಕ್ಕೆ ಬಂತು. ತೊಂದರೆ ಇರುವವರಲ್ಲಿ ಬಹಳ ಮಂದಿ ಅದನ್ನು ದೂರಾಗಿ ಹೇಳುವುದಿಲ್ಲ. ಒಂದು ಉಪಾಯ ಕಂಡುಕೊಂಡು, ಅದನ್ನು ಬಚ್ಚಿಟ್ಟುಕೊಂಡು ಬದುಕುತ್ತಾರೆ. ಪುಟ ಬದಲಾದ ದಿನ ಸಿಕ್ಕಿಬೀಳುತ್ತಾರೆ.

ಪತ್ರಿಕೆಯಲ್ಲಿ ಕಲಿತದ್ದೆಲ್ಲ ಹೀಗೆ ಉಪಯೋಗಕ್ಕೆ ಬಂತು ಎಂದು ತಿಳಿಯಬೇಡಿ. ಕಣ್ಣು ಕಾಣದವರು ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಬಳಸುತ್ತಾರೆ. ಪುಟದಲ್ಲಿರುವ ಅಕ್ಷರಗಳನ್ನು ಅದು ಗಟ್ಟಿಯಾಗಿ ಓದುತ್ತದೆ. ಚಿತ್ರವನ್ನು ಅದು ಓದಲಾರದು. ಆದ್ದರಿಂದ ಪ್ರತಿ ಚಿತ್ರದ ಹಿಂದೆ ಒಂದು ಸಾಲಿನ ವಿವರಣೆಯನ್ನು ನಾವು ಬರೆದಿಡಬೇಕು. ತಂಡದಲ್ಲಿ ಈ ಸಾಲುಗಳನ್ನು ಬರೆಯುವವನು ನಾನು. ಎಷ್ಟೋ ವರ್ಷ ಫೋಟೊಗಳಿಗೆ ಅಡಿಬರಹ ಬರೆದ ಕೈ. ಒಂದು ಸಾಲಿನಲ್ಲಿ ಯಾರು, ಎಲ್ಲಿ, ಏನು ಮಾಡುತ್ತಿದ್ದಾರೆ, ಎಲ್ಲ ಬರಬೇಕು. ಹಾಗೆಯೇ ಬರೆದೆ. ಶ್ರೀಧರ್ ಅವನ್ನು ಹೊಸಬರಿಗೆ ಮಾದರಿಯಾಗಿ ತೋರಿಸುತ್ತಿದ್ದರು. ಆರು ವರ್ಷ ಯಾರೂ ಏನೂ ಹೇಳಲಿಲ್ಲ. ಹೇಳಬಲ್ಲವರು ನಮ್ಮ ತಂಡದಲ್ಲಿ ಇರಲಿಲ್ಲ, ಅಷ್ಟೇ.

ಆರು ವರ್ಷದ ನಂತರ ಮಂಜುಳಾ ಬಂದಳು. ಸರ್ಜಾಪುರದ ಆಚೆ ಒಂದು ಹಳ್ಳಿ; ಮನೆಯವರು ಗುಲಾಬಿ ಬೆಳೆಯುವವರು. ಹುಟ್ಟಿನಿಂದ ಕಣ್ಣು ಕಾಣದು. ನಗರದ ಅಂಧರ ಶಾಲೆಯಲ್ಲಿ ಓದಿ, ಪದವಿ ಮುಗಿಸಿ, ಎರಡು ಕಡೆ ಕೆಲಸಕ್ಕೆ ಸೇರಿ ಎರಡೂ ಕಡೆ ಪರೀಕ್ಷಾವಧಿ ಮುಗಿದ ದಿನ ಖಾಯಂ ಆಗದೆ ಮನೆಗೆ ಬಂದವಳು. ನಮ್ಮಲ್ಲೂ ಆರು ತಿಂಗಳ ಪರೀಕ್ಷಾವಧಿ. ಮೊದಲ ದಿನ ಅವಳನ್ನು ಕರೆತಂದ ತಾಯಿ ಗೇಟಿನ ಬಳಿ ನನ್ನನ್ನು ನಿಲ್ಲಿಸಿ ಕೇಳಿದರು.

"ಇವ್ಳು ಒಳಗೆ ಏನ್ ಕೆಲ್ಸ ಮಾಡ್ಬೇಕು ಸ್ವಾಮಿ?"

"ಬೇರೆಯವರು ಮಾಡಿದ ಪುಟದಲ್ಲಿ ತಪ್ಪು ಹುಡುಕಬೇಕಮ್ಮ."

"ತಪ್ಪು ಉಡುಕೋದಾ? ಅದುಕ್ಕೆ ಸಂಬ್ಳ ಕೊಡ್ತಾರಾ?" ಎಂದು ಅವರು ಮಗಳ ಕಡೆ ತಿರುಗಿದರು. "ನಮ್ಮತ್ತೆ ಪುಕ್ಸಟ್ಟೆ ಮಾಡ್ತಿದ್ರು ಕಣೇ."

ಮಂಜುಳಾ ಜೋರಾಗಿ ನಕ್ಕಳು. ಒಳಗೆ ಬರುವಾಗ ಮಾತ್ರ ಮೆಲ್ಲಗೆ ಹೇಳಿದಳು. "ಇದು ಮೂರನೇ ಪ್ರೊಬೇಷನ್ ಸಾರ್. ಇದೂ ಹೋದ್ರೆ ನಮ್ಮಪ್ಪ ಇನ್ನೊಂದ್ಸಲ ಕಳಿಸಲ್ಲ. ಈಗ್ಲೇ ಹೇಳ್ಬಿಟ್ಟಿದ್ದಾರೆ."

ಆ ವಾರವೇ ನನ್ನ ಅಡಿಬರಹಗಳು ಅವಳ ಕೈಗೆ ಸಿಕ್ಕವು. ಒಂದು ಆಸ್ಪತ್ರೆಯ ಪುಟ. ವೈದ್ಯರ ಭೇಟಿಗೆ ಸಮಯ ಕಾದಿರಿಸುವುದು. ಅವಳ ಸ್ಕ್ರೀನ್ ರೀಡರ್ ಓದುವ ವೇಗಕ್ಕೆ ಅದು ಮಾತೆಂದೇ ನಮಗೆ ಗೊತ್ತಾಗುತ್ತಿರಲಿಲ್ಲ. ಹೊಲಿಗೆ ಯಂತ್ರದ ಸದ್ದಿನಂತೆ ಕೇಳುತ್ತಿತ್ತು. ನನಗೆ ತಿಳಿಯಲೆಂದು ವೇಗ ಇಳಿಸಿದಳು. ಯಂತ್ರ ಓದಿತು: "ಬಿಳಿ ಕೋಟು ಧರಿಸಿ, ಕೊರಳಲ್ಲಿ ಸ್ಟೆತೊಸ್ಕೋಪ್ ಹಾಕಿಕೊಂಡು, ಆಸ್ಪತ್ರೆಯ ಮೊಗಸಾಲೆಯಲ್ಲಿ ನಗುತ್ತ ನಿಂತಿರುವ ಯುವ ವೈದ್ಯೆ." ಅದು ನನ್ನ ಸಾಲು. ಚೆನ್ನಾಗಿದೆ ಎಂದೇ ನನಗೆ ಅನಿಸಿತು.

"ಸಾರ್, ಡಾಕ್ಟ್ರು ನಗ್ತಾ ಇದ್ರೆ ನಂಗೇನ್ ಸಾರ್? ಯಾವಾಗ ಸಿಗ್ತಾರೆ ಹೇಳಿ."

ಅವಳು ಮುಂದೆ ಹೋದಳು. ಹದಿನಾಲ್ಕು ವೈದ್ಯರು, ಹದಿನಾಲ್ಕು ಅಡಿಬರಹ. ಕೊನೆಗೆ ಯಂತ್ರ ಹೇಳಿತು: "ಹಸಿರು ವೃತ್ತದೊಳಗೆ ಬಲಕ್ಕೆ ಮುಖ ಮಾಡಿದ ಬಿಳಿ ಬಾಣ."

"ಇದೇನು?" ಎಂದಳು.

"ಅದು ಮುಂದಿನ ಪುಟಕ್ಕೆ ಹೋಗುವ ಗುಂಡಿ."

"ಅಷ್ಟನ್ನೇ ಬರೀಬಹುದಿತ್ತಲ್ಲ ಸಾರ್. 'ಮುಂದೆ' ಅಂತ."

ಫೋಟೊ ನೋಡುವವನಿಗೆ ಅಡಿಬರಹ ಇನ್ನಷ್ಟು ತಿಳಿಸುತ್ತದೆ. ಇಲ್ಲಿ ಓದುವವರು ಒಂದು ಕೆಲಸಕ್ಕೆಂದು ಬಂದವರು. ಅವರಿಗೆ ಬೇಕಾದದ್ದು ಆ ಚಿತ್ರ ಏನು ಮಾಡುತ್ತದೆ ಎಂಬುದು. ಆರು ವರ್ಷ ಚೆಂದದ ವಾಕ್ಯಗಳನ್ನು ದಾರಿಗೆ ಅಡ್ಡವಾಗಿ ಇಟ್ಟಿದ್ದೆ. ಮುಂದಿನ ಎರಡು ತಿಂಗಳು ಬಿಡುವಾದಾಗಲೆಲ್ಲ ಅವನ್ನು ಒಂದೊಂದಾಗಿ ಕತ್ತರಿಸಿದೆವು. ಮಂಜುಳಾ ಕೇಳಿಸಿಕೊಳ್ಳುವಳು, ನಾನು ಹೊಡೆದುಹಾಕುವೆ. ಕೆಲವು ಸಾಲು ಹೊಡೆಯುವಾಗ ಕೈ ತಡೆಯುತ್ತಿತ್ತು. "ಸಾರ್, ಇನ್ನೂ ಹೊಡೆದಿಲ್ಲ ನೀವು, ಕೀ ಶಬ್ದ ಬರ್ಲಿಲ್ಲ" ಎನ್ನುತ್ತಿದ್ದಳು.

ಈ ನಡುವೆ ಪರೀಕ್ಷೆಯ ವಿಧಾನವೂ ಬದಲಾಗಿತ್ತು. ಮೊದಲು ಒಂದು ಪುಟಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಆಮೇಲೆ ಒಂದು ಸಾಧನ ಬಂತು. ಪುಟದ ವಿಳಾಸ ಕೊಟ್ಟರೆ ಕೆಲವೇ ಸೆಕೆಂಡಿನಲ್ಲಿ ತಪ್ಪುಗಳ ಪಟ್ಟಿ ಕೊಟ್ಟು, ನೂರಕ್ಕೆ ಇಷ್ಟು ಎಂದು ಅಂಕವನ್ನೂ ಕೊಡುತ್ತಿತ್ತು. ಶ್ರೀಧರ್‌ಗೆ ಆ ಅಂಕದ ಮೇಲೆ ಪ್ರೀತಿ. ಅದನ್ನು ನಾನು ಹಗುರಾಗಿ ಹೇಳುತ್ತಿಲ್ಲ. ಅಂಕ ತೋರಿಸಿದ್ದರಿಂದಲೇ ಎಷ್ಟೋ ಗ್ರಾಹಕರು ಮೊದಲ ಸಲ ನಮ್ಮ ಮಾತು ಕೇಳಿದರು. ಸಾಧನ ಸುಳ್ಳು ಹೇಳುವುದಿಲ್ಲ. ಆದರೆ ತೋರಿಸಿದಷ್ಟನ್ನೇ ನೋಡುತ್ತದೆ. ಚಿತ್ರಕ್ಕೆ ವಿವರಣೆ ಇದೆಯೇ ಎಂದು ನೋಡುತ್ತದೆ. ಆ ವಿವರಣೆ ಪ್ರಯೋಜನಕ್ಕೆ ಬರುತ್ತದೆಯೇ ಎಂದು ನೋಡುವುದಿಲ್ಲ. ನನ್ನ ನಗುವ ವೈದ್ಯೆಯರಿಗೆಲ್ಲ ಅದು ಪೂರ್ಣಾಂಕ ಕೊಟ್ಟಿತ್ತು.

ಈಗ ಆ ಪುಟದ ವಿಷಯ.

ಮಂಜುಳಾ ಬಂದು ಐದು ತಿಂಗಳು ದಾಟಿತ್ತು. ಒಂದು ಮಂಗಳವಾರ ಬೆಳಿಗ್ಗೆ ಅವಳಿಗೆ ಮಾನವ ಸಂಪನ್ಮೂಲ ವಿಭಾಗದಿಂದ ಮೇಲ್ ಬಂತು. ಕೆಲಸ ಖಾಯಂ ಆಗಬೇಕಾದರೆ ಎಲ್ಲರೂ ಮಾಹಿತಿ ಸುರಕ್ಷತೆಯ ಒಂದು ಆನ್‌ಲೈನ್ ಪಾಠ ಮುಗಿಸಿ, ಇಪ್ಪತ್ತು ಪ್ರಶ್ನೆಗಳಿಗೆ ಉತ್ತರಿಸಿ ಪಾಸಾಗಬೇಕು. ಕೊನೆಯ ದಿನ ಶುಕ್ರವಾರ. ಸಂಜೆ ಐದಕ್ಕೆ ಪುಟ ತಾನಾಗಿ ಮುಚ್ಚುತ್ತದೆ. ಪಾಸಾಗದವರ ಕೆಲಸ ಅಲ್ಲಿಗೆ ಮುಗಿದಂತೆ. ಇದನ್ನು ಯಾರೂ ಅವಳ ವಿರುದ್ಧ ಮಾಡಿದ್ದಲ್ಲ. ನಿಯಮ ಹಾಗೆ ಬರೆದಿತ್ತು, ಕಂಪ್ಯೂಟರು ಹಾಗೆ ನಡೆಸುತ್ತಿತ್ತು.

ಪಾಠವನ್ನು ಕೇಳಿ ಮುಗಿಸಿದಳು. ಪ್ರಶ್ನೆಗಳ ಪುಟ ತೆರೆಯಿತು. ಸ್ಕ್ರೀನ್ ರೀಡರ್ ಹೇಳಿತು: "ಚಿತ್ರ. ಚಿತ್ರ. ಚಿತ್ರ. ಖಾಲಿ." ಮತ್ತೆ ಕೀ ಒತ್ತಿದಳು. "ಖಾಲಿ."

ನಾನು ಎದ್ದು ಹೋಗಿ ನೋಡಿದೆ. ಎಡಗಡೆ ಉತ್ತರಗಳ ಚೀಟಿಗಳು, ಬಲಗಡೆ ಪೆಟ್ಟಿಗೆಗಳು. ಚೀಟಿಯನ್ನು ಮೌಸಿನಿಂದ ಹಿಡಿದೆಳೆದು ಸರಿಯಾದ ಪೆಟ್ಟಿಗೆಗೆ ಹಾಕಬೇಕು. ಕೀಲಿಮಣೆಯಿಂದ ಅಲ್ಲಿಗೆ ಹೋಗುವ ದಾರಿಯೇ ಇಲ್ಲ. ಚೀಟಿಗಳ ಮೇಲಿನ ಬರಹವೂ ಚಿತ್ರವಾಗಿತ್ತು, ಹಿಂದೆ ಒಂದು ಅಕ್ಷರದ ವಿವರಣೆಯೂ ಇಲ್ಲ.

ಪಕ್ಕದ ಮೇಜಿನ ಕಿರಣ್ ಕುರ್ಚಿ ಉರುಳಿಸಿಕೊಂಡು ಬಂದ. ಪುಟಗಳನ್ನು ಕಟ್ಟುವ ಕೆಲಸ ಅವನದು. ಒಳ್ಳೆಯ ಕೈ, ಬಾಯಿ ಸ್ವಲ್ಪ ಜಾಸ್ತಿ.

"ಇದಕ್ಕ್ಯಾಕ್ರೀ ತಲೆ ಕೆಡಿಸ್ಕೊಂತೀರ? ನಾನ್ ಎಳೆದು ಹಾಕ್ತೀನಿ, ಎರಡು ನಿಮಿಷ. ಇಪ್ಪತ್ತಕ್ಕಿಪ್ಪತ್ತು. ನಂದೂ ನಾನ್ ಮಾಡಿಲ್ಲ ಗುರು, ನನ್ ಮಚ್ಚಾ ಮಾಡ್ಕೊಟ್ಟಿದ್ದು."

"ಮೊದಲ್ನೇ ಪಾಠ ಏನು ಗೊತ್ತಾ ಕಿರಣ್?" ಎಂದಳು ಮಂಜುಳಾ. "ನಿಮ್ಮ ಲಾಗಿನ್ ಇನ್ನೊಬ್ರ ಕೈಗೆ ಕೊಡ್ಬಾರ್ದು ಅಂತ. ನನ್ ಲಾಗಿನ್ ನಿಮ್ ಕೈಗೆ ಕೊಟ್ಟು ಅದಕ್ಕೆ ಉತ್ತರ ಹಾಕಿಸ್ಲಾ?"

"ಯಾರು ನೋಡ್ತಾರ್ರೀ?"

"ಕಣ್ಣು ಕಾಣ್ದವ್ಳು ಎಳೆದು ಹಾಕೋ ಪರೀಕ್ಷೇಲಿ ಇಪ್ಪತ್ತಕ್ಕಿಪ್ಪತ್ತು ತಗೊಂಡ್ರೆ ಎಲ್ರೂ ನೋಡ್ತಾರೆ."

ಕಿರಣ್ ಕುರ್ಚಿ ಉರುಳಿಸಿಕೊಂಡು ತನ್ನ ಮೇಜಿಗೆ ಹೋದ.

ನಾನು ಮಾನವ ಸಂಪನ್ಮೂಲ ವಿಭಾಗಕ್ಕೆ ಫೋನ್ ಮಾಡಿದೆ. ಮಾತಾಡಿದ ಅಧಿಕಾರಿ ಸೌಜನ್ಯದವರು. ಪುಟವನ್ನು ಬದಲಾಯಿಸಿ ಕೊಡಿ ಎಂದು ಕೇಳಿದೆ. "ಆಗಲ್ಲ ಸಾರ್. ಈ ಪೋರ್ಟಲ್ ಆಕ್ಸೆಸಿಬಲ್ ಅಂತ ಸರ್ಟಿಫೈ ಆಗಿದೆ. ರಿಪೋರ್ಟ್ ಇದೆ. ಪಾಸಾದ ಪುಟಕ್ಕೆ ಕೈ ಹಾಕೋಕೆ ನಮಗೆ ಅನುಮತಿ ಇಲ್ಲ" ಎಂದರು. ರಿಪೋರ್ಟ್ ಕಳಿಸಿ ಎಂದೆ. ಐದು ನಿಮಿಷದಲ್ಲಿ ಬಂತು. ಮೂರು ವರ್ಷ ಹಳೆಯದು. ಅಂಕ ತೊಂಬತ್ತೆಂಟು. "ಎಲ್ಲರೂ ಬಳಸಬಹುದು" ಎಂಬ ತೀರ್ಮಾನ. ಕೆಳಗೆ ನನ್ನ ಹೆಸರು.

ಆ ದಿನ ನೆನಪಾಯಿತು. ಗ್ರಾಹಕರ ಮೂರು ಕೆಲಸ ಒಟ್ಟಿಗೆ ಬಿದ್ದಿದ್ದವು. ಇದು ನಮ್ಮದೇ ಕಂಪನಿಯ ಪುಟ. ಸಾಧನಕ್ಕೆ ಮೊದಲ ಪುಟದ ವಿಳಾಸ ಕೊಟ್ಟೆ, ಅಂಕ ಬಂತು, ಸಹಿ ಹಾಕಿದೆ. ಪ್ರಶ್ನೆಗಳ ಪುಟ ತೆರೆಯಬೇಕಾದರೆ ಪೂರ್ತಿ ಪಾಠ ಕೇಳಬೇಕಿತ್ತು. ಕೇಳಲಿಲ್ಲ. ಮೌಸ್ ಡ್ರಾಯರಿಗೆ ಹಾಕಲೂ ಇಲ್ಲ. ಪತ್ರಿಕೆಯ ಡೆಸ್ಕಿನಲ್ಲಿದ್ದವರಿಗೆ ಈ ರೋಗ ಗೊತ್ತಿರುತ್ತದೆ. ಹೊರಗಿನಿಂದ ಬಂದ ಸುದ್ದಿಯನ್ನು ನಾಲ್ಕು ಕಣ್ಣು ನೋಡುತ್ತವೆ. ಪತ್ರಿಕೆಯದೇ ಪ್ರಕಟಣೆಯನ್ನು ಯಾರೂ ಓದುವುದಿಲ್ಲ. ಅದು ನಮ್ಮದಲ್ಲವೇ, ಸರಿಯೇ ಇರುತ್ತದೆ ಎಂದು ಅಚ್ಚಿಗೆ ಹೋಗುತ್ತದೆ. ಎಷ್ಟೋ ಸಲ ಪತ್ರಿಕೆಯ ಸ್ವಂತ ವಿಳಾಸವೇ ತಪ್ಪಾಗಿ ಅಚ್ಚಾಗಿದ್ದನ್ನು ಕಂಡಿದ್ದೆ. ಕಂಡು ನಕ್ಕಿದ್ದೆ.

ಶ್ರೀಧರ್ ಕೋಣೆಗೆ ಹೋಗಿ ವರದಿ ತೋರಿಸಿದೆ. ಅವರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೂರ್ತಿ ಸಾರ್, ಇದನ್ನ ಕೆದಕೋದು ಬೇಡ. ಈ ರಿಪೋರ್ಟನ್ನ ನಾವು ಇಬ್ಬರು ಗ್ರಾಹಕರಿಗೆ ಮಾದರಿ ಅಂತ ಕಳಿಸಿದ್ವಿ. ಇದು ತಪ್ಪು ಅಂದ್ರೆ ನಿಮ್ಮ ಉಳಿದ ರಿಪೋರ್ಟೆಲ್ಲ ಏನು ಅಂತ ಕೇಳ್ತಾರೆ. ಹುಡುಗಿಗೆ ಪರೀಕ್ಷೆಯಿಂದ ವಿನಾಯಿತಿ ಕೊಡ್ಸೋಣ."

"ವಿನಾಯಿತಿಗೆ ಎಷ್ಟು ದಿನ ಬೇಕು?"

ಅವರು ಫೋನ್ ಮಾಡಿ ಕೇಳಿದರು. ಮುಖ್ಯ ಕಚೇರಿಯ ಒಪ್ಪಿಗೆ ಬೇಕು; ಎರಡು ಮೂರು ವಾರ. ಪುಟ ಮುಚ್ಚುವುದು ಶುಕ್ರವಾರ.

ಆದರೂ ಮಂಜುಳಾಳನ್ನು ಕರೆಸಿ, ವಿನಾಯಿತಿ ಸಾಕೇ ಎಂದು ಕೇಳಿದರು. ಅವಳು ನಿಂತುಕೊಂಡೇ ಉತ್ತರ ಕೊಟ್ಟಳು. "ಮೊದಲ್ನೇ ಆಫೀಸಲ್ಲಿ ವಿನಾಯಿತಿ ಕೊಟ್ಟಿದ್ರು ಸಾರ್. ಪ್ರೊಬೇಷನ್ ಮುಗಿದಾಗ, ಈಕೆ ಟ್ರೇನಿಂಗ್ ಪೂರ್ತಿ ಮಾಡಿಲ್ಲ ಅಂತ ಅದನ್ನೇ ತೋರ್ಸಿ ಕಳಿಸಿದ್ರು. ನಂಗೆ ಪರೀಕ್ಷೆ ಬೇಕು. ಬರೆಯೋಕಾಗೋ ಪರೀಕ್ಷೆ."

ಅವಳು ಹೋದಳು. ಕಿಟಕಿಯ ಹೊರಗೆ ರಿಂಗ್ ರಸ್ತೆಯಲ್ಲಿ ಬಸ್ಸುಗಳು ನಿಂತೇ ಇದ್ದವು. ಲೆಕ್ಕ ಸ್ಪಷ್ಟವಾಗಿತ್ತು. ನನ್ನ ವರದಿ ಇರುವ ತನಕ ಆ ಪುಟ ಸರಿಯಾದ ಪುಟ. ಸರಿಯಾದ ಪುಟವನ್ನು ತಿದ್ದಲು ಯಾರೂ ಒಪ್ಪುವುದಿಲ್ಲ. ವರದಿ ಬಿದ್ದರೆ ಮಾತ್ರ ಪುಟ ಏಳುತ್ತದೆ. ನನ್ನ ಸೇವೆ ಎರಡು ವರ್ಷ ಬಾಕಿ ಇತ್ತು. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಡಿಬರಹಗಳ ವಿಷಯ ತಂಡದೊಳಗೆ ಮುಗಿದಿತ್ತು. ಇದು ಗ್ರಾಹಕರವರೆಗೆ ಹೋಗುವ ತಪ್ಪು.

ಮೇಜಿಗೆ ಬಂದು ಬರೆದೆ. ಪತ್ರಿಕೆಯಲ್ಲಿ ತಿದ್ದುಪಡಿಗೆ ಒಂದು ರೀತಿ ಇತ್ತು: ಏನು ತಪ್ಪು, ಯಾವುದು ಸರಿ, ಅಷ್ಟೇ. ನೆಪ ಹೇಳಬಾರದು. ತಪ್ಪು ಬಂದ ಪುಟದಲ್ಲೇ ತಿದ್ದುಪಡಿ ಬರಬೇಕು.

"ಮೂರು ವರ್ಷದ ಹಿಂದಿನ ವರದಿಯಲ್ಲಿ, ಮಾಹಿತಿ ಸುರಕ್ಷತೆಯ ಪಾಠವನ್ನು ಎಲ್ಲರೂ ಬಳಸಬಹುದು ಎಂದು ನಾನು ಬರೆದಿದ್ದೆ. ಅದು ತಪ್ಪು. ನಾನು ಮೊದಲ ಪುಟವನ್ನಷ್ಟೇ ಪರೀಕ್ಷಿಸಿದ್ದೆ. ಪ್ರಶ್ನೆಗಳ ಪುಟವನ್ನು ತೆರೆದಿರಲಿಲ್ಲ. ಕಣ್ಣು ಕಾಣದವರು ಮತ್ತು ಮೌಸ್ ಬಳಸಲಾರದವರು ಆ ಪುಟದಲ್ಲಿ ಒಂದು ಪ್ರಶ್ನೆಗೂ ಉತ್ತರಿಸಲಾರರು. ಹಳೆಯ ವರದಿಯನ್ನು ಹಿಂತೆಗೆದುಕೊಂಡಿದ್ದೇನೆ."

ಹಳೆಯ ವರದಿ ಯಾರಿಗೆಲ್ಲ ಹೋಗಿತ್ತೋ ಅವರಿಗೆಲ್ಲ ಕಳಿಸಬೇಕು. ಆ ಇಬ್ಬರು ಗ್ರಾಹಕರಿಗೂ. ಕಳಿಸುವ ಮೊದಲು ಶ್ರೀಧರ್‌ಗೆ ಓದಲು ಕೊಟ್ಟೆ. ಅವರು ಎರಡು ಸಲ ಓದಿದರು. "ಇದರಲ್ಲಿ ಕೆಲಸದ ಒತ್ತಡ ಇತ್ತು ಅಂತ ಒಂದು ಸಾಲು ಸೇರಿಸಿ ಸಾರ್, ನಿಮಗೇ ಒಳ್ಳೇದು" ಎಂದರು. ಬೇಡ ಎಂದೆ. "ಹಾಗಾದ್ರೆ ನನ್ನ ಹೆಸರೂ ಹಾಕಿ. ಅದನ್ನ ಮಾದರಿ ಅಂತ ಕಳಿಸಿದ್ದು ನಾನು" ಎಂದರು. ಅವರ ಬಗ್ಗೆ ಮೇಲೆ ಅಂಕದ ಮಾತು ಆಡಿದ್ದೇನೆ, ಇದನ್ನೂ ದಾಖಲಿಸಬೇಕು.

ತಿದ್ದುಪಡಿ ಇಬ್ಬರ ಹೆಸರಿನಲ್ಲೂ ಹೋಯಿತು; ಬುಧವಾರ ಮಧ್ಯಾಹ್ನ, ತಿದ್ದಲೆಂದು, ಪುಟದ ಕೋಡ್ ಕಿರಣ್ ಕೈಗೆ ಬಂತು. ಎಳೆದು ಹಾಕುವ ಚೀಟಿಗಳನ್ನು ತೆಗೆದು, ಪ್ರತಿ ಪ್ರಶ್ನೆಗೂ ಆರಿಸಿಕೊಳ್ಳುವ ಪಟ್ಟಿ ಮಾಡಿದ. ಚಿತ್ರಗಳ ಜಾಗಕ್ಕೆ ಅಕ್ಷರ ಬಂತು. ಗುರುವಾರ ಸಂಜೆ ಮುಗಿಸಿ ಕಾಲರ್ ಮೇಲೆತ್ತಿಕೊಂಡು ಬಂದ. ಮಂಜುಳಾ ಪ್ರಾಯೋಗಿಕ ಪುಟದಲ್ಲಿ ಒಂದು ಉತ್ತರ ಆರಿಸಿದಳು. ಕೂಡಲೇ ಸ್ಕ್ರೀನ್ ರೀಡರ್ ಪುಟದ ತಲೆಬರಹದಿಂದ ಮತ್ತೆ ಓದತೊಡಗಿತು.

"ಒಂದು ಉತ್ತರ ಕೊಟ್ಟಾಗೆಲ್ಲ ಗೇಟಿಂದ ಒಳಗೆ ಬರ್ಬೇಕಾ ಗುರು? ಇಪ್ಪತ್ತು ಸಲ?"

"ನೋಡೋಕೆ ಸಕ್ಕತ್ತಾಗಿದ್ಯಲ್ರೀ!"

"ನೋಡೋರಿಗೆ."

ಕಿರಣ್ ತಲೆ ಕೆರೆದುಕೊಂಡು ವಾಪಸ್ ಹೋದ. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಅದೂ ಸರಿಹೋಯಿತು. ಮಾನವ ಸಂಪನ್ಮೂಲದವರು ಹೊಸ ಪುಟವನ್ನು ಮೇಲೇರಿಸಿದಾಗ ಮೂರು ಗಂಟೆ. ಉಳಿದದ್ದು ಎರಡು ತಾಸು.

ಮಂಜುಳಾ ಹೆಡ್‌ಫೋನ್ ಹಾಕಿಕೊಂಡು ಕುಳಿತಳು. ನಾನು ನನ್ನ ಮೇಜಿನಲ್ಲಿ ಬೇರೆ ಕೆಲಸ ಇರುವವನಂತೆ ಕುಳಿತೆ. ಕಿರಣ್ ಮೂರು ಸಲ ನೀರು ಕುಡಿಯಲು ಎದ್ದ. ಅವಳ ಕೀಲಿಮಣೆಯ ಶಬ್ದ ಒಂದೇ ಹದದಲ್ಲಿ ಬರುತ್ತಿತ್ತು. ಒಂದು ಕಡೆ ನಿಂತಿತು, ಮತ್ತೆ ಹೊರಟಿತು. ನಾಲ್ಕಕ್ಕೆ ಇನ್ನೂ ಐದು ನಿಮಿಷ ಇರುವಾಗ ಅವಳು ಹೆಡ್‌ಫೋನ್ ತೆಗೆದಳು.

"ಪಾಸ್" ಎಂದಳು. "ಇಪ್ಪತ್ತಕ್ಕೆ ಹದಿನೆಂಟು."

ಕಿರಣ್ ಮೇಜು ಬಡಿದ. "ನಾನ್ ಎಳೆದು ಹಾಕಿದ್ರೆ ಇಪ್ಪತ್ತು ಬರ್ತಿತ್ತು ಕಣ್ರೀ!"

"ಅದು ನಿಮ್ ಮಚ್ಚಾನ ಮಾರ್ಕ್ಸ್ ಆಗ್ತಿತ್ತು. ಈ ಹದಿನೆಂಟು ನಂದು. ತಪ್ಪಾಗಿರೋ ಎರಡೂ ನಂದೇ."

ಶ್ರೀಧರ್ ಕೋಣೆಯಿಂದ ಬಂದು ಅಭಿನಂದಿಸಿ ಹೋದರು. ಮುಂದಿನ ತಿಂಗಳು ಅವಳ ಕೆಲಸ ಖಾಯಂ ಆಯಿತು. ಗ್ರಾಹಕರಲ್ಲಿ ಒಬ್ಬರು ತಮ್ಮ ಎಲ್ಲ ಪುಟಗಳನ್ನೂ ಮತ್ತೆ ಪರೀಕ್ಷಿಸಿ ಕೊಡಿ ಎಂದು ಕೇಳಿದರು. ಇನ್ನೊಬ್ಬರು ನಮ್ಮನ್ನು ಬಿಟ್ಟರು. ಅಲ್ಲಿಂದ ಮುಂದೆ, ಸ್ಕ್ರೀನ್ ರೀಡರ್ ಬಳಸುವ ಒಬ್ಬರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹೋಗಿ ಬರದೆ ಯಾವ ವರದಿಗೂ ಸಹಿ ಬೀಳಬಾರದು ಎಂದು ಶ್ರೀಧರ್ ನಿಯಮ ಮಾಡಿದರು. ಸಾಧನದ ಅಂಕ ಈಗಲೂ ಇದೆ. ವರದಿಯ ಕೊನೆಯಲ್ಲಿ ಇರುತ್ತದೆ. ಇವೆಲ್ಲ ಆಮೇಲಿನ ಮಾತು.

ಆ ಶುಕ್ರವಾರ ಎಲ್ಲರೂ ಅವರವರ ಮೇಜಿಗೆ ಹೋದ ಮೇಲೂ ಮಂಜುಳಾ ಕೀ ಒತ್ತುತ್ತಲೇ ಇದ್ದಳು. ಫಲಿತಾಂಶದ ಪುಟದಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದಳು.

"ಮೂರ್ತಿ ಸಾರ್, ಒಂದ್ನಿಮಿಷ ಬನ್ನಿ. ಯಾವ ಎರಡು ತಪ್ಪಾಯ್ತು ಅಂತ ಇದು ಹೇಳ್ತಾನೇ ಇಲ್ಲ."

ಹೋಗಿ ನೋಡಿದೆ. ಇಪ್ಪತ್ತೂ ಪ್ರಶ್ನೆಗಳು ಸಾಲಾಗಿ ಇದ್ದವು. ಹದಿನೆಂಟು ಹಸಿರು ಅಕ್ಷರದಲ್ಲಿ, ಎರಡು ಕೆಂಪು ಅಕ್ಷರದಲ್ಲಿ. 'ಸರಿ' ಎಂದಾಗಲಿ 'ತಪ್ಪು' ಎಂದಾಗಲಿ ಎಲ್ಲೂ ಬರೆದಿರಲಿಲ್ಲ. ಪೀಣ್ಯದ ಚುಕ್ಕೆಗಳು ನೆನಪಾದವು. ಪ್ರಶ್ನೆಗಳ ಪುಟವನ್ನು ಸರಿಪಡಿಸುವ ಅವಸರದಲ್ಲಿ ಅದರ ಮುಂದಿನ ಪುಟವನ್ನು ನಾವ್ಯಾರೂ ತೆರೆದಿರಲಿಲ್ಲ.

"ಬಣ್ಣದಲ್ಲಿ ಹಾಕಿದ್ದಾರಮ್ಮ. ಏಳನೆಯದು, ಹದಿನಾರನೆಯದು" ಎಂದೆ.

"ನೀವು ಹೇಳಿದ್ದು ಆಯ್ತು ಸಾರ್. ನನ್ ತಪ್ಪು ಯಾವ್ದು ಅಂತ ನಂಗೇ ಗೊತ್ತಾಗ್ಬೇಕಲ್ವಾ?" ಎಂದಳು. "ಬರೀರಿ."

ನಾನು ನನ್ನ ಮೇಜಿಗೆ ಬಂದು, ಮೌಸ್ ಕಿತ್ತು ಡ್ರಾಯರಿಗೆ ಹಾಕಿ, ಹೊಸ ವರದಿ ತೆರೆದೆ.